ಬಣ್ಣದ ಪೆಟ್ಟಿಗೆ, ಸತ್ತ ತಂತಿ

ತಿಗನಾರೆಯ ಸ್ಟುಡಿಯೋ ಮಾಲೀಕರು ತಾಳವಾಡಿಯ ನನ್ನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದಿದ್ದರು. ಅದರಲ್ಲಿ ಒಂದು ಕಂಪ್ಯೂಟರ್ ಕ್ಯಾಬಿನೆಟ್ಟಿನ ವಿಡಿಯೊ ಓಡುತ್ತಿತ್ತು. ಮೂರು ಕಡೆ ಗಾಜು, ಒಳಗೆ ಆರು ಫ್ಯಾನು, ಒಂದೊಂದರ ಅಂಚಿನಲ್ಲೂ ಬಣ್ಣ ಸುತ್ತುತ್ತಿತ್ತು.

"ಇದೇ ಬೇಕು ತಂಗಿ. ಒಂದು ಲೈಟೂ ಕಮ್ಮಿ ಆಗ್ಬಾರ್ದು."

ಮದುವೆ, ಗೃಹಪ್ರವೇಶಗಳಿಗೆ ವಿಡಿಯೊ ತೆಗೆಯುವುದು, ಅದರ ಜೊತೆಗೇ ವೇದಿಕೆಗೆ ದೀಪದ ಅಲಂಕಾರ ಮಾಡುವುದು ಅವರ ಕಸುಬು. ಎಡಿಟಿಂಗ್ ಮಾಡುವುದು ಊರಾಚೆಯ ಹೊಲದ ಮನೆಯಲ್ಲಿ. ಬಣ್ಣ ಓಡಿದರೆ ವಿಡಿಯೊ ಬೇಗ ತಯಾರಾಗುವುದಿಲ್ಲ, ಆ ದುಡ್ಡಿಗೆ ಇನ್ನೊಂದು ಡ್ರೈವ್ ಹಾಕಿಸಿಕೊಳ್ಳಿ ಎಂದು ನಾನು ಹೇಳಿದೆ.

"ಎಡಿಟಿಂಗ್‌ಗ ಅಲ್ಲ ಕಣ, ಗಿರಾಕಿಗ. ಓದ ತಿಂಗ್ಳು ಮದ್ವ ಮನಯವ್ರು ಬಂದಿದ್ರು. ಆ ಕರೀ ಡಬ್ಬ ನೋಡ್ಬುಟ್ಟು, ಇದೇನು ರೇಷನ್ ಅಂಗ್ಡಿದಾ ಅಂದ್ರು. ಎದ್ದೋರು ಸೀದಾ ಚಾಮ್ರಾಜನಗರಕ್ಕೇ ಓದ್ರು."

ಅಂಗಡಿಗೆ ಬರುವವರಲ್ಲಿ ಅರ್ಧ ಜನ ಈಗ ಹೀಗೇ ಕೇಳುತ್ತಾರೆ. ಕೀಬೋರ್ಡಿನ ಅಡಿ, ಮೌಸಿನ ಹೊಟ್ಟೆ, ಕೂಡಿಸುವ ರ‍್ಯಾಮಿನ ನೆತ್ತಿ, ಎಲ್ಲಕ್ಕೂ ದೀಪ ಬೇಕು. ನಾನು ಆರ್ಡರ್ ಬರೆದುಕೊಂಡೆ.

ಸಾಮಾನು ಹಾಸನೂರಿನ ಮೇಲೆ ಬಸ್ಸಿನಲ್ಲಿ ಬಂತು. ಘಾಟಿಯ ತಿರುವುಗಳಲ್ಲಿ ಒಂದು ಗಾಜು ಬಿರುಕು ಬಿಟ್ಟಿತ್ತು. ಇನ್ನೊಂದು ತರಿಸಲು ಒಂದು ವಾರ ಹೋಯಿತು. ಆಮೇಲೆ ಜೋಡಿಸಿದ ಪೆಟ್ಟಿಗೆಯನ್ನು ಹೊತ್ತು ಹೋಗುವ ಧೈರ್ಯ ಸಾಲದೆ, ಬಿಡಿಭಾಗಗಳನ್ನೇ ಒಯ್ದು ಹೊಲದ ಮನೆಯಲ್ಲಿ ಕೂತು ಜೋಡಿಸಿದೆ.

ಇಂಥ ಕಂಪ್ಯೂಟರಿನಲ್ಲಿ ಹೆಚ್ಚು ಹೊತ್ತು ತಿನ್ನುವುದು ವೈರುಗಳನ್ನು ಮರೆಮಾಡುವ ಕೆಲಸ. ಒಂದೊಂದು ಫ್ಯಾನಿಗೂ ಎರಡು ವೈರು. ಒಂದು ತಿರುಗಲು, ಒಂದು ಬೆಳಗಲು. ಬೆಳಗುವ ವೈರಿನಲ್ಲೂ ಐದು ವೋಲ್ಟಿನದು ಬೇರೆ, ಹನ್ನೆರಡು ವೋಲ್ಟಿನದು ಬೇರೆ. ಅದಲುಬದಲಾದರೆ ಸಾಲಿಗೆ ಸಾಲೇ ಸುಡುತ್ತದೆ. ಗಾಜಿನ ಕಡೆಯಿಂದ ಒಂದು ವೈರೂ ಕಾಣಬಾರದು. ಎಲ್ಲವನ್ನೂ ಕಬ್ಬಿಣದ ತಟ್ಟೆಯ ಹಿಂದಕ್ಕೆ ಎಳೆದು, ಕಟ್ಟಿ, ಹಿಂದಿನ ಮುಚ್ಚಳ ಒತ್ತಿ ಮುಚ್ಚಬೇಕು. ಎರಡು ಗಂಟೆ ಹಿಡಿಯಿತು. ಸ್ವಿಚ್ ಹಾಕಿದಾಗ ಆರೂ ಫ್ಯಾನುಗಳಲ್ಲಿ ನೀಲಿ ಹೋಗಿ ನೇರಳೆ, ನೇರಳೆ ಹೋಗಿ ಹಸಿರು ಹರಿಯಿತು. ಮಾಲೀಕರು ಒಂದು ಫೈಲನ್ನೂ ತೆರೆಯಲಿಲ್ಲ. ಅರ್ಧ ಗಂಟೆ ಬಣ್ಣ ಬದಲಾಯಿಸುತ್ತಲೇ ಕೂತರು.

ಆ ಮನೆಯ ದನಕರು ನೋಡಿಕೊಳ್ಳುವ ಹೆಂಗಸೊಬ್ಬರಿದ್ದರು. ಅರವತ್ತರ ಆಸುಪಾಸು. ಬೆಳಿಗ್ಗೆ ಬಂದರೆ ಸಂಜೆ ದನ ಕಟ್ಟಿಯೇ ಹೋಗುವುದು. ಅವರು ಬಾಗಿಲಲ್ಲಿ ನಿಂತು ಇಣುಕಿದರು.

"ಇದೇನ್ ಬುದ್ದೀ, ದ್ಯಾವ್ರು ಕೂರ್ಸದಾ ಇದ್ರೊಳ್ಗ? ಮಂಗ್ಳಾರ್ತಿ ಯಾವಾಗ?"

"ಮೊದ್ಲು ನಿನ್ ಕರೀ ಹಸೀನ ಕಟ್ಟಾಕು ಓಗಮ್ಮಿ, ಬಂದಾಳು ಪ್ರಸಾದಕ್ಕ," ಎಂದರು ಮಾಲೀಕರು. ಹಾಗೆನ್ನುತ್ತ ಪೆಟ್ಟಿಗೆಯ ಅಂಚಿಗೆ ಮೊಣಕೈ ತಾಗಿಸಿ ಬೆಚ್ಚಿದರು. "ಅಯ್, ಜುಂ ಅಂತದಲ್ಲ!"

ವೋಲ್ಟು ಅಳೆಯುವ ಮೀಟರ್ ಹಿಡಿದೆ. ಕ್ಯಾಬಿನೆಟ್ಟಿನ ಮೈಗೂ ನೆಲಕ್ಕೂ ನಡುವೆ ನೂರರ ಮೇಲೆ ಕೆಲವು ವೋಲ್ಟು. ಇದು ದೋಷವಲ್ಲ. ಕಂಪ್ಯೂಟರಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿ ತನ್ನ ಮೈಗೆ ಸ್ವಲ್ಪ ಕರೆಂಟು ಸೋರಿಸುತ್ತಲೇ ಇರುತ್ತದೆ. ಅರ್ಥಿಂಗ್ ಇದ್ದರೆ ಅದು ಮಣ್ಣಿಗೆ ಹೋಗುತ್ತದೆ. ಆ ಮನೆಯಲ್ಲಿ ಅರ್ಥಿಂಗ್ ಇರಲಿಲ್ಲ. ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ವೈರೇ ಇಲ್ಲ. ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿ ಎಂದೆ.

"ಈ ಒಣಾ ನೆಲ್ವ ಈಗ ಯಾರು ತೋಡಾರು? ಮಳ ಬೀಳ್ಲಿ ತೋಡುಸ್ತೀನಿ. ಅಲ್ಲಿ ಕಿಟ್ಕಿ ಆಚ್ಗ ಬೇಲಿ ಮಿಸಿನ್ನಿಂದು ಸರಳು ಬಡ್ದವ್ರಲ್ಲ, ಅದೂ ಅರ್ತೇ ಅಲ್ವಾ? ಅದ್ಕೇ ಕಟ್ಟು."

ಅಲ್ಲಿ ಹೊಲವಿರುವ ಹೆಚ್ಚಿನವರು ಸೋಲಾರ್ ಬೇಲಿ ಹಾಕಿಸಿಕೊಂಡಿದ್ದಾರೆ. ಹಂದಿಯೋ ಆನೆಯೋ ತಂತಿ ಮುಟ್ಟಿದರೆ ಕ್ಷಣಮಾತ್ರದ ಏಟು, ಬೆದರುತ್ತದೆ, ಸಾಯುವುದಿಲ್ಲ. ಆ ಏಟು ಕೊಡುವ ಪೆಟ್ಟಿಗೆ ಸ್ಟುಡಿಯೋ ಕೋಣೆಯ ಹೊರಗೋಡೆಯ ಮೇಲಿತ್ತು. ಅದರ ಕೆಳಗೆ ನೆಲಕ್ಕೆ ಬಡಿದ ಸರಳು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ವೈರಿಂಗ್ ಅಲ್ಲ. ಅರ್ಥ್ ಎಂದರೆ ಅರ್ಥ್ ಎಂದುಕೊಂಡೆ. ಸಾಕೆಟ್ಟಿನ ಮೂರನೆಯ ತೂತಿನಿಂದ ಹಸಿರು ವೈರು ಎಳೆದು, ಕಿಟಕಿಯಿಂದ ಹೊರಗೆ ತಂದು, ಸರಳಿಗೆ ಕಟಿಂಗ್ ಪ್ಲೇಯರಿನಲ್ಲಿ ನಾಲ್ಕು ಸುತ್ತು ಬಿಗಿದೆ. ಮೀಟರ್ ನಾಲ್ಕು ವೋಲ್ಟಿಗೆ ಇಳಿಯಿತು. ನನಗೆ ಹೆಮ್ಮೆಯಾಯಿತು. ಅದೇ ಸರಳಿನಿಂದ ಇನ್ನೊಂದು ತಂತಿ ಬೇಲಿಯ ಮೊದಲ ಕಂಬದ ಕಡೆ ಹೋಗಿರುವುದು ಕಣ್ಣಿಗೆ ಬಿದ್ದಿತ್ತು. ಯಾಕೆ ಹೋಗಿದೆ ಎಂದು ನಾನು ಕೇಳಲಿಲ್ಲ.

ಹತ್ತು ದಿನದ ಮೇಲೆ ಫೋನು ಬಂತು.

"ತಂಗೀ, ಸಂಜ ಆಯ್ತು ಅಂದ್ರ ನಿನ್ ಕಂಪೂಟ್ರು ಟಕ್ ಟಕ್ ಅಂತದ ಕಣ."

ಹೋದೆ. ಹಗಲು ಹೋದಾಗ ಶಬ್ದವಿಲ್ಲ. ಸ್ಪೀಕರಿನ ವೈರು ಬದಲಿಸಿದೆ. ಇನ್ನೊಂದು ದಿನ ಹೋಗಿ ಧ್ವನಿಯ ಡ್ರೈವರ್ ತಂತ್ರಾಂಶಗಳನ್ನು ಅಳಿಸಿ ಹೊಸದಾಗಿ ಹಾಕಿದೆ. ದೀಪಗಳ ಬಣ್ಣ ಆಡಿಸುವ ಕಂಟ್ರೋಲರನ್ನು ಬೇರೆ ಪೋರ್ಟಿಗೆ ಸರಿಸಿದೆ. ಏನೂ ಆಗಲಿಲ್ಲ. ಮಾಲೀಕರು ಸಂಜೆ ತೆಗೆದು ಕಳಿಸಿದ ವಿಡಿಯೊವನ್ನು ಅಂಗಡಿಯಲ್ಲಿ ಕೂತು ಮತ್ತೆ ಮತ್ತೆ ನೋಡಿದೆ. ಒಂದು ಸೆಕೆಂಡಿಗಿಂತ ತುಸು ಹೆಚ್ಚಿನ ಅಂತರದಲ್ಲಿ ಸ್ಪೀಕರಿನಲ್ಲಿ ಟಕ್ ಎನ್ನುತ್ತಿತ್ತು. ಆ ಕ್ಷಣಕ್ಕೇ ಫ್ಯಾನುಗಳ ಬಣ್ಣವೂ ಕೂದಲೆಳೆಯಷ್ಟು ಮಿಟುಕುತ್ತಿತ್ತು. ತಪ್ಪು ದೀಪದ ಕಂಟ್ರೋಲರಿನದೇ ಎಂದು ತೀರ್ಮಾನಿಸಿ ಹೊಸದೊಂದನ್ನು ತರಿಸಿದೆ.

"ಲೈಟು ಮಿಟುಕುದ್ರ ಮಿಟುಕ್ಲಿ, ಅದೂ ಒಂಥರ ಚೆಂದ್ವೇ," ಎಂದರು ಮಾಲೀಕರು. "ಪಾರ್ಟಿ ಮುಂದ ಸಿನ್ಮಾ ಆಡು ಆಕುದ್ರ ಟಕ್ ಅಂತದಲ್ಲ, ಅದ್ಕ ಏನಾರ ಮಾಡು."

ಮೂರನೆಯ ಸಲ ಮಧ್ಯಾಹ್ನ ಹೋಗಿ, ಶಬ್ದವನ್ನು ಕಿವಿಯಾರೆ ಕೇಳಿಯೇ ಬರುವುದೆಂದು ಸಂಜೆಯವರೆಗೆ ಕೂತೆ. ಹೊಸ ಕಂಟ್ರೋಲರ್ ಹಾಕಿ ಮುಗಿಸಿ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ, ಮಾಲೀಕರು ಒಳಗಿನಿಂದ ದನ ನೋಡಿಕೊಳ್ಳುವ ಅಮ್ಮನನ್ನು ಕೂಗಿದರು. ಅವರು ಬೇಲಿಯ ಆಚೆ ಮೇವು ಕೊಯ್ಯುತ್ತಿದ್ದರು. ಎದ್ದು ಬಂದು, ಬೇಲಿಯ ಒಂದು ತಂತಿಯ ಮೇಲೆ ಕೈಯೂರಿ, ಆರಾಮಾಗಿ ನಿಂತು, "ಏನ್ ಬುದ್ದೀ?" ಎಂದರು. ಹಾಗೆ ನಿಂತೇ ಎರಡು ನಿಮಿಷ ಮಾತಾಡಿದರು. ಆಮೇಲೆ ನುಸುಳಿ ಈಚೆ ಬಂದರು.

ಬೆಳಕು ಇಳಿಯತೊಡಗಿದಾಗ ಮಾಲೀಕರು ನನ್ನನ್ನು ಒಳಗೆ ಕರೆದರು.

"ಕುತ್ಕ ತಂಗಿ. ನೀ ಜಗುಲೀಲಿ ಕುಂತಿದ್ದಾಗ ಒಂದ್ಕೆಲ್ಸ ಮಾಡಿವ್ನಿ, ನೋಡು."

ಯಾವುದೋ ಸ್ವಿಚ್ ಒತ್ತಿದರು. ಕ್ಯಾಬಿನೆಟ್ಟಿನ ಹಿಂಭಾಗದಿಂದ ಹೊರಟ ಬೆಳಕಿನ ಪಟ್ಟಿಯೊಂದು ಮೇಜಿನ ಅಂಚು ಹಿಡಿದು ಹರಿದು, ಗೋಡೆ ಹತ್ತಿ, ಮಾನಿಟರಿನ ಹಿಂದೆ ಸುತ್ತು ಹಾಕಿತ್ತು. ಪೆಟ್ಟಿಗೆಯೊಳಗಿನ ಬಣ್ಣವೇ ಉಕ್ಕಿ ಹೊರಗೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅವರು ಹಿಂದೊಮ್ಮೆ ನಮ್ಮ ಅಂಗಡಿಯಿಂದ ಒಯ್ದಿದ್ದ, ಕಂಪ್ಯೂಟರಿಗೇ ಚುಚ್ಚುವ ಹನ್ನೆರಡು ವೋಲ್ಟಿನ ಪಟ್ಟಿಯೇ ಇರಬೇಕೆಂದು ಭಾವಿಸಿದೆ. ನಾನು ಬೆಳಕು ನೋಡಿದೆ, ವೈರು ನೋಡಲಿಲ್ಲ.

"ಚೆನ್ನಾಗಿದೆ ಅಣ್ಣ," ಎಂದೆ.

ಸ್ವಲ್ಪ ಹೊತ್ತಿಗೆ ದನದ ಅಮ್ಮ ಹೊರಗೆ ಬೇಲಿಯ ಪೆಟ್ಟಿಗೆಯ ಗುಂಡಿ ಒತ್ತಿದರು. ದಿನವೂ ಸಂಜೆ ಅದನ್ನು ಹಾಕುವುದು ಅವರ ಕೆಲಸವೇ. ಅದೇ ಗಳಿಗೆಗೆ ಸ್ಪೀಕರು ಟಕ್ ಎಂದಿತು. ನಾನು ಮಾನಿಟರಿನಲ್ಲೇ ಕಂಟ್ರೋಲರನ್ನು ಆರಿಸಿ ಮತ್ತೆ ಹಾಕಿದೆ; ಟಕ್ ನಿಲ್ಲಲಿಲ್ಲ. ಸ್ಪೀಕರನ್ನು ಬೇರೆ ಕಡೆ ಚುಚ್ಚಿದೆ, ನಿಲ್ಲಲಿಲ್ಲ. ಕಿಟಕಿಯ ಆಚೆಯಿಂದ ಅವರು ನಕ್ಕರು.

"ಯಾಕವ್ವ ಅದ್ನ ಅಂಗ ಬಿಚ್ಚಿ ಬಿಚ್ಚಿ ನೋಡೀಯೆ? ಅದು ಬೇಲಿ ಒಡ್ಯಾ ಸದ್ದು ಕಣವ್ವ. ದಿನಾ ಕೇಳೋಳ್ಗ ನಂಗ ಗೊತ್ತಾಗಲ್ವಾ? ಇಲ್ಲಿ ಟಕ್ ಅಂದ್ರ ಅಲ್ಲೂ ಟಕ್ ಅಂತದ, ಬಂದು ಕಿವಿ ಕೊಡು."

ಹೊರಗೆ ಹೋಗಿ ಗೋಡೆಯ ಪೆಟ್ಟಿಗೆಗೆ ಕಿವಿಕೊಟ್ಟೆ. ಪೆಟ್ಟಿಗೆಯೊಳಗೆ ಒಂದು ಟಕ್, ಕಿಟಕಿಯೊಳಗೆ ಒಂದು ಟಕ್, ಎರಡೂ ಒಂದೇ ಏಟಿಗೆ. ಮೂರು ವಾರ ನಾನು ಡ್ರೈವರುಗಳಲ್ಲಿ ಹುಡುಕಿದ್ದು ನಾನೇ ಕಟ್ಟಿದ ಹಸಿರು ವೈರಿನಲ್ಲಿತ್ತು.

ಈ ಸರಳಿನಿಂದ ಬೇಲಿಗೆ ಯಾಕೆ ತಂತಿ ಹೋಗಿದೆ ಎಂದು ಆಗ ಕೇಳಿದೆ. ಅವರು ಬೆರಳು ಮಾಡಿ ನಾಲ್ಕೂ ತಂತಿಗಳನ್ನು ತೋರಿಸಿದರು. "ಇದು ಜೀವುದ್ದು, ಇದು ಸತ್ತದ್ದು, ಇದು ಜೀವುದ್ದು, ಇದು ಸತ್ತದ್ದು. ಒಂದ್ ಬುಟ್ಟು ಒಂದು. ಸತ್ತವೆಲ್ಲ ಈ ಸರಳ್ಗೇ ಸೇರವ. ನಮ್ ನೆಲ ಒಣಾ ನೆಲ ಅಲ್ವಾ, ಬರೀ ಜೀವುದ್ದು ಮುಟ್ಟುದ್ರ ಹಂದಿಗ ಅಷ್ಟಾಗಿ ಒಡಿಯಾಕಿಲ್ಲ. ಎರಡ್ನೂ ಒಟ್ಗ ಮುಟ್ಟುದ್ರ ಒಡೀತದ. ಸತ್ತದ್ದೊಂದ್ನೇ ಮುಟ್ಟುದ್ರ ಏನೂ ಇಲ್ಲ. ಮುಟ್ನೋಡು, ನಾ ದಿನಾ ಇಡ್ಕತೀನಿ."

ಆಚೆ ಎರಡು ಹಸುಗಳು, ಒಂದು ಕರು ಕೂಗುತ್ತಿದ್ದವು. ಗೇಟು ಹೊಲದ ಇನ್ನೊಂದು ತುದಿಯಲ್ಲಿ. ಸಂಜೆ ಬೇಲಿ ಹಾಕಿದ ಮೇಲೂ ಅಷ್ಟು ದೂರ ಸುತ್ತಿ ಯಾರೂ ಹೋಗುವುದಿಲ್ಲ. ಜೀವದ ತಂತಿಯನ್ನು ಒಣಗಿದ ಕವೆಗೋಲಿನಿಂದ ಮೇಲೆತ್ತಿ, ಸತ್ತ ತಂತಿಯನ್ನು ಕೈಯಲ್ಲಿ ಅದುಮಿ ಹಿಡಿದು ನುಸುಳುತ್ತಾರೆ. ಅವರು ಗೋಡೆಗೆ ಒರಗಿಸಿದ್ದ ಕವೆಗೋಲು ತೆಗೆದುಕೊಂಡು ಹೊರಟರು.

ನನ್ನ ಕೈ ತಂತಿಯ ಹತ್ತಿರ ಹೋಗಿತ್ತು. ಮುಟ್ಟಲಿಲ್ಲ. ಅದಕ್ಕೆ ಬುದ್ಧಿವಂತಿಕೆ ಕಾರಣವಲ್ಲ, ಜೇಬಿನಲ್ಲಿ ಮೀಟರ್ ಇತ್ತು, ಕಂಪ್ಯೂಟರಿನ ಸೋರಿಕೆ ಈ ತಂತಿಯಲ್ಲಿ ಎಷ್ಟು ಬರುತ್ತದೆ ಎಂದು ನೋಡುವ ಕುತೂಹಲವಿತ್ತು, ಅಷ್ಟೇ. ಮೂರೋ ನಾಲ್ಕೋ ವೋಲ್ಟು ತೋರಿಸಬಹುದು ಎಂದುಕೊಂಡು ಕಪ್ಪು ಕಡ್ಡಿಯನ್ನು ಮಣ್ಣಿಗೆ ಚುಚ್ಚಿ, ಕೆಂಪನ್ನು ಸತ್ತ ತಂತಿಗೆ ಹಿಡಿದೆ. ಅಂಕಿ ನೂರ ಅರವತ್ತರ ಸುತ್ತ ಕುಣಿಯಿತು.

ಬೇಲಿಯ ಏಟು ಕ್ಷಣ ಬಂದು ಹೋಗುತ್ತದೆ. ಇದು ಬಂದು ನಿಂತಿತ್ತು. ಮನೆಯ ಕರೆಂಟು ಎಲ್ಲಿಂದಲೋ ಹಸಿರು ವೈರಿಗೆ, ವೈರಿನಿಂದ ಸರಳಿಗೆ, ಸರಳಿನಿಂದ ಹೊಲದ ಸುತ್ತಲಿನ ಎಲ್ಲ ಸತ್ತ ತಂತಿಗಳಿಗೆ ಇಳಿದಿತ್ತು. ಒಣ ನೆಲ ಅದನ್ನು ಕುಡಿಯುತ್ತಿರಲಿಲ್ಲ. ಫ್ಯೂಸು ಹೋಗುವಷ್ಟು ಹರಿಯುತ್ತಲೂ ಇರಲಿಲ್ಲ. ಬರಿಗಾಲಲ್ಲಿ ನಿಂತು ಹಿಡಿದವರ ಮೂಲಕ ಹರಿಯಲು ಸಾಕಷ್ಟಿತ್ತು.

ತಲೆಯೆತ್ತಿ ನೋಡಿದೆ. ಅವರು ಮೂವತ್ತು ಹೆಜ್ಜೆ ದೂರದಲ್ಲಿ ಬೇಲಿಗೆ ಮುಖ ಮಾಡಿ, ಕವೆಗೋಲನ್ನು ಎತ್ತುತ್ತಿದ್ದರು.

ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಅವರು ಏನು ಮಾಡುತ್ತಾರೆಂಬುದನ್ನು ಕಾಫಿ ಹೊತ್ತಿನಲ್ಲೇ ನೋಡಿದ್ದೆ. ತಂತಿಯ ಮೇಲೆ ಕೈಯೂರಿ ನಿಂತು, ಏನವ್ವ, ಎನ್ನುತ್ತಾರೆ. ಓಡಿದರೆ ತಲುಪುವುದಿಲ್ಲ. ಮೇನ್ ಸ್ವಿಚ್ಚು ಮನೆಯ ಮುಂದಿನ ಕೋಣೆಯಲ್ಲಿ, ಸುತ್ತಿಕೊಂಡು ಹೋಗಬೇಕು. ಹಸಿರು ವೈರು ಎರಡು ಹೆಜ್ಜೆಯಲ್ಲಿತ್ತು.

ಸರಳಿಗೆ ಸುತ್ತಿದ ಕಡೆ ವೈರು ಬೆತ್ತಲೆ. ಗೇಣಿನಷ್ಟು ಹಿಂದೆ, ಪ್ಲಾಸ್ಟಿಕ್ ಇರುವ ಕಡೆ ಹಿಡಿದು ಎಳೆದೆ. ಬರಲಿಲ್ಲ. ನಾನೇ ಬಿಗಿದ ನಾಲ್ಕು ಸುತ್ತು. ವೈರನ್ನು ಎರಡೂ ಕೈಗೆ ಸುತ್ತಿಕೊಂಡು, ಗೋಡೆಗೆ ಕಾಲು ಕೊಟ್ಟು ಮತ್ತೆ ಎಳೆದೆ. ಸಣ್ಣ ಕಿಡಿ ಹಾರಿ ವೈರು ಕಿತ್ತು ಬಂತು. ನಾನು ಅಂಗಾತ ಬಿದ್ದೆ. ಬಿದ್ದಲ್ಲಿಂದ ಅವರು ಕಾಣುತ್ತಿರಲಿಲ್ಲ. ಎದ್ದು ನೋಡುವಷ್ಟರಲ್ಲಿ ಅವರು ಬೇಲಿಯ ಆಚೆ ಇದ್ದರು, ಕರುವಿನ ಹಗ್ಗ ಬಿಚ್ಚುತ್ತ ಅದನ್ನು ಬೈಯುತ್ತಿದ್ದರು.

ಅವರ ಕೈ ತಂತಿಗೆ ಸೋಕುವುದಕ್ಕೂ ವೈರು ಕಿತ್ತು ಬರುವುದಕ್ಕೂ ನಡುವೆ ಎಷ್ಟು ಹೊತ್ತಿತ್ತು ಎಂಬುದನ್ನು ನಾನು ನೋಡಲಿಲ್ಲ. ಆ ನೋಡದ ಭಾಗವೇ ಈಗ ಹೆಚ್ಚು ಕಾಣಿಸುತ್ತದೆ. ಅಂಗಡಿಯಲ್ಲಿ ಸ್ಕ್ರೂ ಬಿಗಿಯುತ್ತಿರುವಾಗ, ಬಸ್ಸು ತಿರುವಿನಲ್ಲಿ ವಾಲುವಾಗ, ಅದೇ ಸಂಜೆ ಕಣ್ಣ ಮುಂದೆ ಬರುತ್ತದೆ; ಕೆಲವೊಮ್ಮೆ ಅದರಲ್ಲಿ ವೈರು ಎರಡನೆಯ ಸಲವೂ ಬರುವುದಿಲ್ಲ.

ಕೈಯಲ್ಲಿ ಕಿತ್ತ ವೈರು ಹಿಡಿದು ನಿಂತಾಗ ಎರಡನೆಯ ಭಯ ಬಂತು. ಈ ತುದಿಯಿಂದ ಕರೆಂಟು ಬೇಲಿಗೆ ಹೋಗುವುದು ತಪ್ಪಿತು. ಅದು ಹುಟ್ಟಿದ ಕಡೆ ಹಾಗೇ ಇದೆ. ಆ ಬಣ್ಣದ ಪೆಟ್ಟಿಗೆಯ ಪಕ್ಕದಲ್ಲಿ ಮಾಲೀಕರು ಬರಿಗಾಲಲ್ಲಿ ಕೂತಿದ್ದಾರೆ. ಬೆತ್ತಲೆ ತುದಿ ಯಾವುದಕ್ಕೂ ತಾಗದಂತೆ ವೈರನ್ನು ಕಿಟಕಿಯ ಮರದ ಬಾಗಿಲಿಗೆ ಎತ್ತಿ ಹಾಕಿ ಓಡಿದೆ.

"ಅಣ್ಣ, ಪೆಟ್ಗ ಮುಟ್ಬೇಡಿ! ಕೈ ತಗೀರಿ!"

"ಏನ್ ತಂಗಿ, ಆನ ಬಂತಾ?" ಎಂದು ಒಳಗಿನಿಂದ ನಗುವ ದನಿ ಬಂತು.

ಮೇನ್ ಸ್ವಿಚ್ಚನ್ನು ಕೆಳಗೆ ಎಳೆದೆ. ಮನೆಯೆಲ್ಲ ಕತ್ತಲಾಯಿತು. ಸ್ಟುಡಿಯೋ ಕೋಣೆಯಲ್ಲಿ ಯುಪಿಎಸ್ ಕೂಗಿಕೊಳ್ಳತೊಡಗಿತು, ಅದರ ಬ್ಯಾಟರಿಯ ಮೇಲೆ ಆರು ಫ್ಯಾನುಗಳ ಬಣ್ಣ ಮೊದಲಿನಂತೆಯೇ ಸುತ್ತುತ್ತಿತ್ತು. ಗೋಡೆಯ ಮೇಲಿನ ಬೆಳಕಿನ ಪಟ್ಟಿ ಮಾತ್ರ ಆರಿತ್ತು. ಆಗ ಗೊತ್ತಾಯಿತು, ಆ ಪಟ್ಟಿ ಕಂಪ್ಯೂಟರಿನದಲ್ಲ. ಮದುವೆ ವೇದಿಕೆಗೆ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕಟ್ಟುವ, ಮನೆಯ ಕರೆಂಟಿಗೇ ನೇರವಾಗಿ ಚುಚ್ಚುವ ಪಟ್ಟಿ.

ಯುಪಿಎಸ್ ಆರಿಸಿ, ಪ್ಲಗ್ಗುಗಳನ್ನೆಲ್ಲ ಕಿತ್ತು, ಟಾರ್ಚಿನ ಬೆಳಕಿನಲ್ಲಿ ಹಿಂದಿನ ಮುಚ್ಚಳ ಬಿಚ್ಚಿದೆ. ನಾನು ಎರಡು ಗಂಟೆ ಕೂತು ಕಟ್ಟಿದ ವೈರುಗಳ ನಡುವೆ ಪಟ್ಟಿಯ ತುದಿ ತುರುಕಿತ್ತು. ಕತ್ತರಿಯಲ್ಲಿ ಕತ್ತರಿಸಿದ ತುದಿ. ಎರಡು ತಾಮ್ರದ ಚುಕ್ಕೆಗಳಲ್ಲಿ ಒಂದು ಕಬ್ಬಿಣದ ತಟ್ಟೆಗೆ ಒತ್ತಿತ್ತು. ಅಲ್ಲಿ ಬಣ್ಣ ಸುಟ್ಟು ಸಾಸಿವೆಯಷ್ಟು ಕಪ್ಪಾಗಿತ್ತು.

"ತುದೀಗ ಆಕಾ ಟೋಪಿ ಕಳ್ದೋಗಿತ್ತು," ಎಂದರು ಮಾಲೀಕರು. "ಒಳ್ಗ ತಾನ ಇರದು, ಯಾರ್ ಮುಟ್ಟಾರು ಅನ್ಕಂಡೆ."

ಮೀಟರಿನ ಅಂಕಿ, ಸತ್ತ ತಂತಿ, ಕವೆಗೋಲು, ಎಲ್ಲವನ್ನೂ ಹೇಳಿದೆ. ಅವರು ಪಟ್ಟಿಯ ಕತ್ತರಿಸಿದ ತುದಿಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದರು. "ಅಮ್ಮಿಗ ಏಳ್ಬೇಡ ತಂಗಿ," ಎಂದರು.

ನನಗೂ ಹಾಗೇ ಅನ್ನಿಸಿತ್ತು. ಹೇಳದಿದ್ದರೆ ಅದು ಒಂದು ಸಂಜೆ ಕಂಪ್ಯೂಟರ್ ಕೆಟ್ಟಿತ್ತು ಎಂಬಷ್ಟಕ್ಕೇ ಮುಗಿಯುತ್ತಿತ್ತು. ಹಸಿರು ವೈರು ಕಟ್ಟಿದವಳು ನಾನೆಂಬುದೂ ಅದರೊಳಗೇ ಮುಚ್ಚಿಹೋಗುತ್ತಿತ್ತು. ಆದರೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಅರ್ಥಿಂಗ್ ಇಲ್ಲ, ಬೇಲಿಯ ಸರಳಿದೆ, ಸತ್ತ ತಂತಿ ಹಿಡಿದು ನುಸುಳುವವರಿದ್ದಾರೆ. ದನ ಕಟ್ಟಿ ಬಂದ ಅವರನ್ನು ಜಗಲಿಯ ಮೇಲೆ ಕೂರಿಸಿ ನಾನೇ ಹೇಳಿದೆ. ಅವರು ತಮ್ಮ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ಜೀವುದ್ದು ಒಡೀತದ, ಅದು ನ್ಯಾಯ. ಸತ್ತದ್ದೂ ಒಡದ್ರ ಯಾವುದ್ನವ್ವ ನಂಬದು?"

ಮರುದಿನವೇ ಗುಂಡಿ ತೋಡಿಸಿದರು, ಮಳೆಗೆ ಕಾಯಲಿಲ್ಲ. ವೈರಿಂಗ್ ಬಲ್ಲವರು ಬಂದು ಮನೆಗೆ ಬೇರೆ ಅರ್ಥಿಂಗ್ ಕೊಟ್ಟರು, ಸೋರಿಕೆಯಾದರೆ ತಾನೇ ಬೀಳುವ ಸ್ವಿಚ್ಚು ಹಾಕಿದರು, ಬೇಲಿಯ ಸರಳಿಗೂ ಮನೆಗೂ ಇದ್ದ ಸಂಬಂಧ ಕಡಿದರು. ಗೋಡೆಯ ಪಟ್ಟಿ ಕಿತ್ತೆವು. ಪೆಟ್ಟಿಗೆಯ ಆರು ಫ್ಯಾನುಗಳು ಹಾಗೇ ಇವೆ, ಅವುಗಳಿಂದ ಏನೂ ತೊಂದರೆಯಾಗಿರಲಿಲ್ಲ. ಟಕ್ ಎನ್ನುವ ಶಬ್ದ ನಿಂತಿದೆ. ಗಿರಾಕಿಗಳು ಎದ್ದು ಹೋಗುತ್ತಿಲ್ಲ ಎಂದು ಮಾಲೀಕರು ಹೇಳುತ್ತಾರೆ.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಮೀಟರ್ ಹಿಡಿದು ಹೋದೆ. ದನದ ಅಮ್ಮನನ್ನು ಬೇಲಿಯ ಹತ್ತಿರ ಕರೆದು, ಕಡ್ಡಿಗಳನ್ನಿಟ್ಟು, ಅಂಕಿ ತೋರಿಸಿದೆ. ಸೊನ್ನೆ. ಈಗ ಹಿಡಿಯಬಹುದು ಎಂದೆ. ಅವರು ಮೀಟರನ್ನು ನೋಡಿದರು, ತಂತಿಯನ್ನು ನೋಡಿದರು.

"ಮೀಟ್ರು ನಿಂದು ಕಣವ್ವ. ಕೈ ನಂದು."

ನಾನು ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಿಂತೆ. ಸೊನ್ನೆ ಎಂದು ನನಗೆ ಗೊತ್ತಿತ್ತು. ಆದರೂ ಕೈ ಚಾಚಲು ಸ್ವಲ್ಪ ಹೊತ್ತು ಬೇಕಾಯಿತು. ಸತ್ತ ತಂತಿಯನ್ನು ಮುಷ್ಟಿ ತುಂಬ ಹಿಡಿದೆ. ತಣ್ಣಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದು, "ಸರಿ ಬುಡು, ನಂಬುದ್ದೆ," ಎಂದರು. ಕವೆಗೋಲನ್ನು ಹೆಗಲಿಗೆ ಹಾಕಿಕೊಂಡು, ಬೇಲಿಯಿಂದ ಒಂದು ಮಾರು ದೂರದಲ್ಲೇ ನಡೆಯುತ್ತ, ಹೊಲದ ತುದಿಯ ಗೇಟಿನ ಕಡೆ ಹೋದರು.